ಮೂರು ಕ್ಯಾಮೆರಾದ ಯಕ್ಷಗಾನ ಎಡಿಟ್ ಮಾಡುವಾಗ

ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವರಲ್ಲಿ ಹೆಚ್ಚಿನವರ ಕೈ ಪಳಗಿರುವುದು ಮದುವೆ ವಿಡಿಯೊದಲ್ಲಿ. ಎರಡು ಸೆಕೆಂಡಿಗೊಂದು ಕಟ್, ನಡುನಡುವೆ ಸ್ಲೋ ಮೋಷನ್, ಹಿಂದೊಂದು ಹಾಡು. ಮದುವೆಗೆ ಅದು ಒಪ್ಪುತ್ತದೆ. ಅದೇ ಕೈಚಳಕವನ್ನು ರಂಗಸ್ಥಳದ ರೆಕಾರ್ಡಿಂಗ್ ಮೇಲೆ ತೋರಿಸಿದರೆ ಕುಣಿತವೂ ಕಾಣದು, ಅರ್ಥವೂ (ಪದ್ಯದ ಮೇಲೆ ಪಾತ್ರಗಳು ಆಡುವ ಮಾತು, ಅರ್ಥಗಾರಿಕೆ) ಕೇಳದು. ಆಟ ನೋಡುವವರಿಗೆ ವೇಷ ಕಿರೀಟದಿಂದ ಗೆಜ್ಜೆಯವರೆಗೆ ಕಾಣಬೇಕು, ಭಾಗವತರ ಸಾಹಿತ್ಯ ಅಕ್ಷರ ಬಿಡದೆ ಕೇಳಬೇಕು. ಇವೆರಡೂ ಸಿಕ್ಕರೆ ನಡುವೆ ಎಡಿಟರ್ ಒಬ್ಬ ಇದ್ದಾನೆಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಲೂಬಾರದು.

ಮೂರು, ಮೂರೂವರೆ ಗಂಟೆಯ ಕಾಲಮಿತಿ ಪ್ರಸಂಗವನ್ನು ಮೂರು ಕ್ಯಾಮೆರಾದಲ್ಲಿ ಹಿಡಿದಾಗ ಎಡಿಟಿಂಗ್‌ನ ಬಹುಪಾಲು ಕತ್ತರಿಸುವ ಕೆಲಸವೇ ಅಲ್ಲ. ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಸಿಂಕ್ (ಚಿತ್ರಕ್ಕೂ ಧ್ವನಿಗೂ ತಾಳೆ), ಧ್ವನಿ, ಇವುಗಳಲ್ಲೇ ಹೊತ್ತು ಹೋಗುತ್ತದೆ. ಇವು ಸರಿಯಿದ್ದರೆ ಕಟ್ಟಿಂಗ್ ಸಲೀಸು. ಇವು ಕೆಟ್ಟಿದ್ದರೆ ಎಷ್ಟು ಚೆಂದ ಕಟ್ ಮಾಡಿದರೂ ಪ್ರಯೋಜನವಿಲ್ಲ. ಇಲ್ಲಿರುವುದರಲ್ಲಿ ಹೆಚ್ಚಿನದು ನಾಟಕಕ್ಕೂ ಭರತನಾಟ್ಯಕ್ಕೂ ಸಂಗೀತ ಕಛೇರಿಗೂ ಹೊಂದುತ್ತದೆ.

25, 50 ಮತ್ತು ಫೋನಿನ 30

ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಫ್ಲಡ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಅಷ್ಟೇ ಬೆಳಕು ಬೀಳುತ್ತದೆ. ಕ್ಯಾಮೆರಾ 30 ಫ್ರೇಮಿನಲ್ಲಿದ್ದು ಶಟರ್ 1/60 ಆಗಿದ್ದರೆ ತೆರೆಯ ಮೇಲೆ ಕಪ್ಪು ಪಟ್ಟಿಗಳು ಸರಿಯತೊಡಗುತ್ತವೆ. ಇದನ್ನು ಎಡಿಟಿಂಗ್‌ನಲ್ಲಿ ತೆಗೆಯುತ್ತೇನೆ ಎಂದು ಒಪ್ಪಿಕೊಳ್ಳಬೇಡಿ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೊದ ಡಿಫ್ಲಿಕರ್ ಇಡೀ ಫ್ರೇಮು ಮಿನುಗುವುದನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ. ಸರಿಯುವ ಪಟ್ಟಿ ವೇಷದ ಮೇಲೆ ಹಾದರೆ ಅಲ್ಲಿಗೆ ಮುಗಿಯಿತು. ಹಿಂದೆ ಎಲ್‌ಇಡಿ ಪರದೆ ಹಾಕಿದ್ದರೆ ಆಟ ಶುರುವಾಗುವ ಮೊದಲೇ ಅದನ್ನು ಕ್ಯಾಮೆರಾದಲ್ಲಿ ನೋಡಿ ಶಟರ್ ಹೊಂದಿಸಿಕೊಳ್ಳಬೇಕು.

25 ಹಿಡಿಯಬೇಕೋ 50 ಹಿಡಿಯಬೇಕೋ? ಯಕ್ಷಗಾನಕ್ಕೆ 50 ಎಂದೇ ನನ್ನ ಮತ. ತೆಂಕುತಿಟ್ಟಿನ ದಿಗಿಣ (ಸುತ್ತುತ್ತಾ ಜಿಗಿಯುವುದು), ಬಡಗಿನ ಮಂಡಿ ಕುಣಿತ (ಮೊಣಕಾಲೂರಿ ಸುತ್ತುವುದು), ಚೆಂಡೆಯ ಕೋಲು ಇವೆಲ್ಲ 25 ಫ್ರೇಮಿನಲ್ಲಿ ಮಸುಕಾಗುತ್ತವೆ. ಸಿನಿಮಾದಂತೆ ಕಾಣಲಿ ಎಂದು 25 ಹಿಡಿಯುವವರಿದ್ದಾರೆ. ಆದರೆ ಇದು ಸಿನಿಮಾ ಅಲ್ಲವಲ್ಲ. ಮೂರರಲ್ಲಿ ಒಂದು ಕ್ಯಾಮೆರಾಕ್ಕೆ 50 ಸಾಧ್ಯವಿಲ್ಲದಿದ್ದರೆ ಮಾತ್ರ ಮೂರನ್ನೂ 25ಕ್ಕೆ ಇಳಿಸಿ. 25, 50 ಎರಡನ್ನೂ ಬೆರೆಸಿದರೆ ಕಟ್ ಆದಾಗಲೆಲ್ಲ ಚಲನೆಯ ಗುಣ ಬದಲಾಗುವುದು ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ತಲೆನೋವು ತರುವುದು ಫೋನು. 30 ಫ್ರೇಮಿನ ಕ್ಲಿಪ್ಪನ್ನು 25ರ ಟೈಮ್‌ಲೈನ್‌ಗೆ ಹಾಕಿದರೆ ಪ್ರತಿ ಆರು ಫ್ರೇಮಿಗೆ ಒಂದನ್ನು ಸಾಫ್ಟ್‌ವೇರ್ ಕೈಬಿಡುತ್ತದೆ, ಕುಣಿತ ತಡವರಿಸಿದಂತೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಫೋನಿನ ವೇರಿಯಬಲ್ ಫ್ರೇಮ್‌ರೇಟ್. ಬೆಳಕು ಕಡಿಮೆಯಾದಾಗ ಫೋನು ತಾನಾಗಿ ಫ್ರೇಮು ಕಡಿಮೆ ಮಾಡುತ್ತದೆ. ರಾತ್ರಿಯ ಆಟದಲ್ಲಿ ಇದು ಗ್ಯಾರಂಟಿ. ಟೈಮ್‌ಲೈನಿನಲ್ಲಿ ಮೊದಲ ಹತ್ತು ನಿಮಿಷ ಸರಿ ಕಾಣುವ ತುಟಿ ಮುಕ್ಕಾಲು ಗಂಟೆಯ ಹೊತ್ತಿಗೆ ಮಾತಿನಿಂದ ಬೇರೆಯಾಗಿರುತ್ತದೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊದಲ್ಲಿ ಫೈಲು ತೆರೆದು 'ಫ್ರೇಮ್ ರೇಟ್ ಮೋಡ್' ಎದುರು 'ವೇರಿಯಬಲ್' ಎಂದಿದೆಯೇ ನೋಡಿ. ಇದ್ದರೆ ಫೈಲು ಪರಿವರ್ತಿಸುವ ಸಾಫ್ಟ್‌ವೇರುಗಳಾದ ಹ್ಯಾಂಡ್‌ಬ್ರೇಕ್‌ನಲ್ಲೋ ಶಟರ್ ಎನ್‌ಕೋಡರ್‌ನಲ್ಲೋ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಮಾಡಿ ಹೊಸ ಫೈಲು ತೆಗೆದ ಮೇಲೆಯೇ ಪ್ರಾಜೆಕ್ಟಿಗೆ ಸೇರಿಸಿ. ಸಿಂಕ್ ಮಾಡಿಯಾದ ಮೇಲೆ ಫೈಲು ಬದಲಿಸುವುದೆಂದರೆ ಸಿಂಕ್ ಮತ್ತೆ ಮೊದಲಿನಿಂದ.

ಹಳೆಯ ಹ್ಯಾಂಡಿಕ್ಯಾಮ್ ತರುವವರು ಈಗಲೂ ಇದ್ದಾರೆ. ಅದರಲ್ಲಿ ಸಿಗುವುದು 50 ಇಂಟರ್‌ಲೇಸ್ಡ್, ಎಂದರೆ ಒಂದು ಬಿಟ್ಟು ಒಂದು ಗೆರೆಯಂತೆ ಹಿಡಿದ ಚಿತ್ರ. ಚೆಂಡೆಯ ಕೋಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಅದೇ ಎಂದು ತಿಳಿಯಿರಿ. ಡಿಇಂಟರ್‌ಲೇಸ್ ಮಾಡುವಾಗ 25ಕ್ಕೆ ಇಳಿಸದೆ 50 ಪ್ರೊಗ್ರೆಸಿವ್‌ಗೆ ತೆಗೆಯಿರಿ, ಚಲನೆ ಪೂರ್ತಿ ಉಳಿಯುತ್ತದೆ.

ಕಾರ್ಡಿನಿಂದ ಡಿಸ್ಕಿಗೆ

100 ಎಂಬಿಪಿಎಸ್‌ನಲ್ಲಿ ಹಿಡಿದರೆ ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ, ಮೂರೂವರೆ ಗಂಟೆ: ಸುಮಾರು 475 ಜಿಬಿ. ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಆಗಿ, ವೆರಿಫೈ ಆಗುವವರೆಗೆ ಕಾರ್ಡು ಫಾರ್ಮ್ಯಾಟ್ ಮಾಡಬಾರದು. ವಿಂಡೋಸ್‌ನ ಮಾಮೂಲಿ ಕಾಪಿ-ಪೇಸ್ಟ್ ವೆರಿಫೈ ಮಾಡುವುದಿಲ್ಲ. ಟೆರಾಕಾಪಿಯಲ್ಲಿ ಆ ಆಯ್ಕೆ ಇದೆ, ರಿಸಾಲ್ವ್‌ನ ಮೀಡಿಯಾ ಪೇಜಿನಲ್ಲಿರುವ ಕ್ಲೋನ್ ಟೂಲ್ ಕೂಡ ಇದೇ ಕೆಲಸ ಮಾಡುತ್ತದೆ.

ಕಾರ್ಡಿನೊಳಗಿನ ಫೋಲ್ಡರನ್ನು ಇದ್ದ ಹಾಗೆಯೇ ಇಡಿಯಾಗಿ ಕಾಪಿ ಮಾಡಿ. ಬೇಕಾದ ವಿಡಿಯೊ ಫೈಲು ಮಾತ್ರ ಎಳೆದುಕೊಳ್ಳುವ ಅಭ್ಯಾಸ ಕೆಟ್ಟದ್ದು. ಎವಿಸಿಎಚ್‌ಡಿ ಕ್ಯಾಮೆರಾಗಳು ಒಂದೇ ಉದ್ದದ ರೆಕಾರ್ಡಿಂಗನ್ನು ತುಂಡು ತುಂಡು ಫೈಲುಗಳಾಗಿ ಬರೆಯುತ್ತವೆ. ಆ ತುಂಡುಗಳನ್ನು ಬಿಡಿಬಿಡಿಯಾಗಿ ಟೈಮ್‌ಲೈನ್‌ಗೆ ಹಾಕಿದರೆ ಜೋಡಣೆಯಲ್ಲಿ ಧ್ವನಿ ಕ್ಷಣಕಾಲ ಕಡಿಯುತ್ತದೆ. ಭಾಗವತರ ಆಲಾಪದ ನಡುವೆ ಅದು ಚುಚ್ಚಿದ ಹಾಗೆ ಕೇಳುತ್ತದೆ. ಅಡೋಬಿ ಪ್ರೀಮಿಯರ್‌ನಲ್ಲಾದರೆ ಫೋಲ್ಡರನ್ನು ಮೀಡಿಯಾ ಬ್ರೌಸರ್ ಮೂಲಕ ತೆರೆದು ಇಂಪೋರ್ಟ್ ಮಾಡಿದರೆ ಅದೇ ತುಂಡುಗಳು ಒಂದೇ ಕ್ಲಿಪ್ಪಾಗಿ ಬರುತ್ತವೆ.

ಇನ್ನೂ ಒಂದು ವಿಷಯ ಕ್ಯಾಮೆರಾದವರಿಗೆ ಮೊದಲೇ ಹೇಳಿಡಬೇಕು. ಅನೇಕ ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಮೂರೂ ಕ್ಯಾಮೆರಾ ಒಟ್ಟಿಗೆ ಶುರುವಾಗಿದ್ದರೆ ಮೂರೂ ಒಟ್ಟಿಗೇ ನಿಲ್ಲುತ್ತವೆ, ಅದೂ ಸರಿಯಾಗಿ ಏರುಪದದ (ಬಿರುಸಿನ ಲಯದ ಪದ್ಯ) ನಡುವೆ. ಹತ್ತು ಹತ್ತು ನಿಮಿಷದ ಅಂತರದಲ್ಲಿ ಶುರು ಮಾಡಿ. ನಿಲ್ಲಿಸಿ ಮತ್ತೆ ಒತ್ತುವುದು ಅರ್ಥಗಾರಿಕೆಯ ಹೊತ್ತಿನಲ್ಲಿ ಆಗಲಿ, ಪದ್ಯದ ನಡುವೆ ಬೇಡ. ಮೂರರ ಗಡಿಯಾರವೂ ಒಂದೇ ಹೊತ್ತು ತೋರಿಸುವಂತೆ ಹೊಂದಿಸಿಟ್ಟರೆ ಯಾವ ತುಂಡು ಎಲ್ಲಿಯದು ಎಂದು ಆಮೇಲೆ ತಡಕಾಡುವುದು ತಪ್ಪುತ್ತದೆ.

ಪ್ರಾಕ್ಸಿ, ಎಂದರೆ ಎಡಿಟ್ ಮಾಡಲೆಂದು ಮಾಡಿಕೊಳ್ಳುವ ಹಗುರ ನಕಲು, ಅದರ ಬಗ್ಗೆ ಒಂದು ಮಾತು. ಮೂರು ಕ್ಯಾಮೆರಾ ಒಟ್ಟಿಗೆ ಪ್ಲೇ ಮಾಡುವಾಗ ತಡವರಿಸಿದರೆ ಜನ ಹೊಸ ಎಸ್‌ಎಸ್‌ಡಿ ತರುತ್ತಾರೆ. ಮೂರು 100 ಎಂಬಿಪಿಎಸ್ ಕ್ಲಿಪ್ಪಿಗೆ ಸೆಕೆಂಡಿಗೆ ಬೇಕಾಗುವುದು 38 ಮೆಗಾಬೈಟ್‌ನಷ್ಟು ಮಾತ್ರ. ತಡವರಿಕೆ ಹೆಚ್ಚಿನ ಸಲ ಡಿಸ್ಕಿನದ್ದಲ್ಲ, ಕೋಡೆಕ್‌ನದ್ದು, ಎಂದರೆ ವಿಡಿಯೊ ಕುಗ್ಗಿಸಿಡುವ ವಿಧಾನದ್ದು. ಎಚ್.264, ಎಚ್.265ಗಳಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ತಿ ಚಿತ್ರವಲ್ಲ, ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬ ಲೆಕ್ಕ. ನಡುವೆ ಒಂದು ಫ್ರೇಮು ತೋರಿಸಬೇಕಾದರೆ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ ಅಲ್ಲಿಂದ ಬಿಡಿಸಿಕೊಂಡು ಬರಬೇಕು. ಅದರಲ್ಲೂ ಬಣ್ಣದ ಮಾಹಿತಿ ಹೆಚ್ಚಿರುವ 10 ಬಿಟ್ 4:2:2 ಆಗಿದ್ದರೆ ಅನೇಕ ಗ್ರಾಫಿಕ್ಸ್ ಕಾರ್ಡುಗಳು ಅದನ್ನು ಮುಟ್ಟುವುದೇ ಇಲ್ಲ, ಹೊರೆಯೆಲ್ಲ ಪ್ರೊಸೆಸರ್ ಮೇಲೆ. ಪ್ರೊರೆಸ್ ಪ್ರಾಕ್ಸಿ ಮಾಡಿಕೊಂಡರೆ ಪ್ರತಿ ಫ್ರೇಮೂ ಸ್ವತಂತ್ರ. 1080, 25 ಫ್ರೇಮಿಗೆ ಗಂಟೆಗೆ ಸುಮಾರು 17 ಜಿಬಿ, 50 ಫ್ರೇಮಿಗೆ ಅದರ ಇಮ್ಮಡಿ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ತಯಾರಿರುತ್ತದೆ. ಪ್ರಾಕ್ಸಿಯ ಆಡಿಯೊ ಚಾನೆಲ್‌ಗಳ ಸಂಖ್ಯೆ ಮೂಲ ಫೈಲಿನಷ್ಟೇ ಇರಬೇಕು, ಇಲ್ಲದಿದ್ದರೆ ಪ್ರೀಮಿಯರ್ ಅದನ್ನು ಜೋಡಿಸಲು ಒಪ್ಪುವುದಿಲ್ಲ.

ಸಿಂಕ್: ಎಡವುವುದು ಇಲ್ಲೇ

ಸಾಫ್ಟ್‌ವೇರ್ ಧ್ವನಿ ನೋಡಿ ತಾನೇ ಸಿಂಕ್ ಮಾಡುತ್ತದೆ ಎಂಬ ನಂಬಿಕೆ ಮದುವೆಗೆ ಸಾಕು. ಚೆಂಡೆಗೆ ಸಾಲದು. ಒಂದೇ ತಾಳ ನಿಮಿಷಗಟ್ಟಲೆ ಮರುಕಳಿಸುವಾಗ ತರಂಗದ ಆಕಾರ ಪ್ರತಿ ಆವರ್ತದಲ್ಲೂ ಬಹುತೇಕ ಒಂದೇ. ಸಾಫ್ಟ್‌ವೇರು ಕೆಲವೊಮ್ಮೆ ಒಂದು ಆವರ್ತ ಆಚೀಚೆ ಕೂರಿಸಿಬಿಡುತ್ತದೆ. ಮೇಲ್ನೋಟಕ್ಕೆ ಪೆಟ್ಟು ಕೂಡಿರುತ್ತದೆ, ಸಾಹಿತ್ಯ ಮಾತ್ರ ಬೇರೆ ಸಾಲಿನದ್ದು. ಹಾಗಾಗಿ ಸಿಂಕ್ ಪರೀಕ್ಷಿಸುವುದು ಚೆಂಡೆಯ ಪೆಟ್ಟಿನಲ್ಲಲ್ಲ, ಮಾತಿನಲ್ಲಿ. ಅರ್ಥಗಾರಿಕೆಯಲ್ಲಿ 'ಪ', 'ಬ', 'ಮ' ಬರುವ ಒಂದು ಪದ ಹುಡುಕಿ. ಈ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು, ತೆರೆಯುವ ಫ್ರೇಮು ಸ್ಪಷ್ಟವಾಗಿ ಕಾಣುತ್ತದೆ.

ಪ್ರೀಮಿಯರ್‌ನಲ್ಲಿ 'ಕ್ರಿಯೇಟ್ ಮಲ್ಟಿ-ಕ್ಯಾಮೆರಾ ಸೋರ್ಸ್ ಸೀಕ್ವೆನ್ಸ್' ಒತ್ತಿ ಕೈತೊಳೆದುಕೊಳ್ಳುವ ಬದಲು, ಮೂರು ಕ್ಯಾಮೆರಾವನ್ನು ಮೂರು ಟ್ರ್ಯಾಕಿನಲ್ಲಿ, ರೆಕಾರ್ಡರಿನ ಧ್ವನಿಯನ್ನು ಕೆಳಗೆ ಇಟ್ಟು ಕೈಯಾರೆ ಜೋಡಿಸಿ. ಎಲ್ಲ ಸರಿಯಾದ ಮೇಲೆ ಆ ಸೀಕ್ವೆನ್ಸನ್ನು ನೆಸ್ಟ್ ಮಾಡಿ (ಇನ್ನೊಂದು ಸೀಕ್ವೆನ್ಸಿನೊಳಗೆ ಒಂದೇ ಕ್ಲಿಪ್ಪಿನಂತೆ ಇಟ್ಟು) 'ಮಲ್ಟಿ-ಕ್ಯಾಮೆರಾ ಎನೇಬಲ್' ಕೊಡಿ. ಮುಂದೆ ಎಲ್ಲಾದರೂ ಸಿಂಕ್ ಜಾರಿದ್ದು ಕಂಡರೆ ಒಳಗಿನ ಸೀಕ್ವೆನ್ಸಿನಲ್ಲಿ ಒಂದು ಕಡೆ ಸರಿಪಡಿಸಿದರೆ ಸಾಕು, ಹೊರಗೆ ಮಾಡಿದ ನೂರಾರು ಕಟ್‌ಗಳಿಗೂ ತಾನಾಗಿ ತಲುಪುತ್ತದೆ. ರಿಸಾಲ್ವ್‌ನಲ್ಲಿ ಆಯ್ದ ಕ್ಲಿಪ್ಪುಗಳಿಂದ ಮಲ್ಟಿಕ್ಯಾಮ್ ಕ್ಲಿಪ್ ಮಾಡುವಾಗ ಆಂಗಲ್ ಸಿಂಕ್ 'ಸೌಂಡ್' ಎಂದು ಕೊಡಬಹುದು. ಅದನ್ನೂ ಟೈಮ್‌ಲೈನಿನಲ್ಲಿ ತೆರೆದು ಪ್ರತಿ ತುಂಡನ್ನೂ ಒಮ್ಮೆ ನೋಡಲೇಬೇಕು.

ಆರಂಭದಲ್ಲಿ ಕೂಡಿದ್ದು ಕೊನೆಯಲ್ಲಿ ಕೂಡಿರುವುದಿಲ್ಲ. ರೆಕಾರ್ಡರಿನ ಗಡಿಯಾರ, ಕ್ಯಾಮೆರಾದ ಗಡಿಯಾರ ಎರಡೂ ಬೇರೆ. ಹತ್ತು ಲಕ್ಷಕ್ಕೆ 50 ಪಾಲಿನ ವ್ಯತ್ಯಾಸವಿದ್ದರೆ ಗಂಟೆಗೆ 180 ಮಿಲಿಸೆಕೆಂಡ್ ಜಾರುತ್ತದೆ: 25ರಲ್ಲಿ ನಾಲ್ಕೂವರೆ ಫ್ರೇಮು, 50ರಲ್ಲಿ ಒಂಬತ್ತು. ಸ್ಪೀಡ್ ಬದಲಿಸಿ ಸರಿಪಡಿಸೋಣ ಎಂದು ಪ್ರೀಮಿಯರ್‌ನ ಸ್ಪೀಡ್ ಪೆಟ್ಟಿಗೆ ತೆರೆದರೆ ಅಲ್ಲಿ ಸಿಗುವುದು ಎರಡೇ ದಶಮಾಂಶ. ಅದರ ಅತಿ ಚಿಕ್ಕ ಹೆಜ್ಜೆ 0.01 ಶೇಕಡ, ಎಂದರೆ ಗಂಟೆಗೆ 360 ಮಿಲಿಸೆಕೆಂಡ್, ಬೇಕಾದದ್ದಕ್ಕಿಂತ ಇಮ್ಮಡಿ. ಎರಡು ದಾರಿ ಇವೆ. ಧ್ವನಿಯನ್ನು ರೀಪರ್‌ನಂಥ ಆಡಿಯೊ ಸಾಫ್ಟ್‌ವೇರಿನಲ್ಲಿ ತೆರೆದು ಆಲ್ಟ್ ಒತ್ತಿಹಿಡಿದು ಕ್ಲಿಪ್ಪಿನ ತುದಿಯನ್ನು ಎಳೆದು ಹೊಂದಿಸುವುದು ಒಂದು. ಇನ್ನೊಂದು ಸರಳ: ಪದ್ಯ ಮುಗಿದು ಅರ್ಥ ಶುರುವಾಗುವ ಮುನ್ನ ಸಿಗುವ ಮೌನದಲ್ಲಿ ಕ್ಯಾಮೆರಾ ಕ್ಲಿಪ್ಪನ್ನು ಕತ್ತರಿಸಿ ಒಂದೆರಡು ಫ್ರೇಮು ಸರಿಸುವುದು. ಧ್ವನಿ ಅಖಂಡವಾಗಿಯೇ ಇರುತ್ತದೆ, ಚಿತ್ರ ಮಾತ್ರ ಅದನ್ನು ಹಿಂಬಾಲಿಸುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಮಾಡಿದರೆ ಸಾಕಾಗುತ್ತದೆ. ನನ್ನ ಓಟು ಎರಡನೆಯದಕ್ಕೆ.

ಈಗ ಹೆಚ್ಚಿನವರು ಗಮನಿಸದ ಒಂದು ಸಂಗತಿ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಪ್ರೇಕ್ಷಕರ ಹಿಂದೆ, ರಂಗಸ್ಥಳದಿಂದ 20 ಮೀಟರ್ ದೂರದಲ್ಲಿಟ್ಟ ಕ್ಯಾಮೆರಾದ ಮೈಕಿಗೆ ಚೆಂಡೆಯ ಪೆಟ್ಟು ತಲುಪುವುದು 58 ಮಿಲಿಸೆಕೆಂಡ್ ತಡವಾಗಿ. ಮಿಕ್ಸರಿನಿಂದ ತಂತಿಯಲ್ಲಿ ಬಂದ ಧ್ವನಿಗೆ ಈ ತಡವಿಲ್ಲ. ಈ ಎರಡು ತರಂಗಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿದಿರಿ ಎನ್ನಿ. ಆಗ ದೂರದ ಕ್ಯಾಮೆರಾದ ಚಿತ್ರ ಧ್ವನಿಗಿಂತ 58 ಮಿಲಿಸೆಕೆಂಡ್ ಮೊದಲೇ ಬರುತ್ತದೆ: ಕೋಲು ತಾಗಿಯಾದ ಮೇಲೆ ಪೆಟ್ಟು ಕೇಳುತ್ತದೆ. ಹತ್ತಿರದ ಕ್ಯಾಮೆರಾದಲ್ಲಿ ಈ ದೋಷ ಇಲ್ಲದ್ದರಿಂದ ವೈಡ್‌ಗೆ (ಇಡೀ ರಂಗಸ್ಥಳ ಕಾಣುವ ದೂರದ ಚಿತ್ರ) ಕಟ್ ಆದಾಗಲೆಲ್ಲ ಏನೋ ತಪ್ಪಿದೆ ಅನ್ನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಉಪಾಯ: ದೂರದ ಕ್ಯಾಮೆರಾದ ಚಿತ್ರವನ್ನು ಅದರ ಧ್ವನಿಯಿಂದ ಅನ್‌ಲಿಂಕ್ ಮಾಡಿ, ಚಿತ್ರವನ್ನಷ್ಟೇ ಬಲಕ್ಕೆ ಸರಿಸಿ. 50 ಫ್ರೇಮಿನ ಟೈಮ್‌ಲೈನಿನಲ್ಲಿ ಏಳು ಮೀಟರಿಗೆ ಒಂದು ಫ್ರೇಮು ಎಂದು ನೆನಪಿಟ್ಟುಕೊಂಡರೆ ಆಯಿತು; 20 ಮೀಟರಿಗೆ ಮೂರು. ಗದ್ದೆಯ ನಡುವೆ ಬೇರೆ ಸ್ಪೀಕರು ನಿಲ್ಲಿಸಿದ್ದರೆ ರಂಗಸ್ಥಳದಿಂದಲ್ಲ, ಆ ಸ್ಪೀಕರಿನಿಂದ ಅಳೆಯಬೇಕು. ಧ್ವನಿಯನ್ನು ಸರಿಸದಿರುವುದಕ್ಕೂ ಕಾರಣವಿದೆ: ಆ ದೂರದ ಮೈಕನ್ನು ಮಿಕ್ಸಿನಲ್ಲಿ ಬಳಸುವುದಾದರೆ ತರಂಗ ಕೂಡಿಯೇ ಇರಬೇಕು, ಇಲ್ಲದಿದ್ದರೆ ಭಾಗವತರ ಕಂಠ ಬಾವಿಯೊಳಗಿಂದ ಬಂದ ಹಾಗೆ ಮಾರ್ದನಿಸುತ್ತದೆ.

ಧ್ವನಿ

ಮಿಕ್ಸರಿನ ಫೀಡ್ ಒಂದನ್ನೇ ನಂಬಿ ಕೂರಬೇಡಿ. ಅದು ಮೈದಾನಕ್ಕಾಗಿ ಮಾಡಿದ ಮಿಕ್ಸು. ಚೆಂಡೆಗೆ ತನ್ನದೇ ಸದ್ದು ಬೇಕಾದಷ್ಟಿರುವುದರಿಂದ ಸೌಂಡಿನವರು ಅದರ ಮೈಕನ್ನು ಏರಿಸಿರುವುದೇ ಇಲ್ಲ; ಫೀಡಿನಲ್ಲಿ ಚೆಂಡೆ ಎಲ್ಲೋ ಪಕ್ಕದ ಊರಿನಲ್ಲಿ ಬಡಿದಂತೆ ಕೇಳುತ್ತದೆ, ಗೆಜ್ಜೆಯಂತೂ ಇಲ್ಲವೇ ಇಲ್ಲ. ರಂಗಸ್ಥಳದ ಮುಂಭಾಗದಲ್ಲಿ ಒಂದು ಜೋಡಿ ಮೈಕು ಇಟ್ಟು ಬೇರೆಯಾಗಿ ರೆಕಾರ್ಡ್ ಮಾಡಿದ್ದರೆ ಮಾತ್ರ ಆಟದ ಕಳೆ ಬರುತ್ತದೆ. ಫೀಡಿಗಿಂತ 10ರಿಂದ 12 ಡೆಸಿಬಲ್ ಕೆಳಗಿಟ್ಟು ಬೆರೆಸಲು ಶುರು ಮಾಡಿ. ಅರ್ಥದ ಹೊತ್ತಿಗೆ ಇನ್ನಷ್ಟು ಇಳಿಸಿ, ಕುಣಿತಕ್ಕೆ ಏರಿಸಿ.

ರೆಕಾರ್ಡರಿಗೆ ಮಿಕ್ಸರಿನ ತಂತಿ ಚುಚ್ಚುವಾಗ ಇನ್‌ಪುಟ್ 'ಲೈನ್' ನಲ್ಲಿರಲಿ. 'ಮೈಕ್' ನಲ್ಲಿದ್ದರೆ ಮೀಟರು ಹಸಿರಾಗಿಯೇ ಕಂಡರೂ ಒಳಗೆ ಮೊದಲ ಹಂತದಲ್ಲೇ ಧ್ವನಿ ಒಡೆದಿರಬಹುದು, ಆಮೇಲೆ ಗೇನ್ ಇಳಿಸಿದರೂ ಒಡಕು ಹೋಗದು. 48 ಕಿಲೊಹರ್ಟ್ಸ್, 24 ಬಿಟ್. ಜೋರಾದ ಪದ್ಯದಲ್ಲಿ ಪೀಕ್ ಮೈನಸ್ 12 ಡೆಸಿಬಲ್ ಆಸುಪಾಸು. ಹೇಗೂ ಬಿಡ್ತಿಗೆಯ (ಪದ್ಯದ ಕೊನೆಯ ಚೆಂಡೆ-ಮದ್ದಳೆ ನುಡಿತ) ಹೊತ್ತಿಗೆ ಚೆಂಡೆ ಇನ್ನೂ ಏರುತ್ತದೆ. ರೆಕಾರ್ಡರು ಬ್ಯಾಟರಿಯಲ್ಲಿ ನಡೆಯಲಿ. ಕರೆಂಟು ಹೋಗಿ ಜನರೇಟರ್ ಬರುವಷ್ಟರಲ್ಲಿ ಅಡಾಪ್ಟರಿನ ರೆಕಾರ್ಡರು ಸತ್ತರೆ, ಅಲ್ಲಿಯವರೆಗಿನ ಫೈಲು ಮುಚ್ಚಿಕೊಳ್ಳದೆ ತೆರೆಯದಂತಾಗುವ ಅಪಾಯವೂ ಇದೆ.

ಜನರೇಟರಿನ ಗುಂಯ್ ಸದ್ದು 50, 100, 150 ಹರ್ಟ್ಸ್‌ನಲ್ಲಿ ಕೂತಿರುತ್ತದೆ. ಅಷ್ಟನ್ನು ಮಾತ್ರ ತಗ್ಗಿಸುವ ಕಿರಿದಾದ ನಾಚ್ ಫಿಲ್ಟರ್ ಹಾಕಿ. ಭಾಗವತರ ಮತ್ತು ವೇಷಧಾರಿಗಳ ಮೈಕಿಗೆ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ತಡೆಯುವ ಹೈಪಾಸ್ ಸರಿ. ಅದೇ ಫಿಲ್ಟರನ್ನು ಇಡೀ ಮಿಕ್ಸಿನ ಮೇಲೆ ಹಾಕಿದರೆ ಮದ್ದಳೆಯ ತುಂಬು ನಾದ ಸೊರಗುತ್ತದೆ. ನಾಯ್ಸ್ ರಿಡಕ್ಷನ್ ಎಂಬ ಮಂತ್ರದಂಡವನ್ನು ಇಲ್ಲಿ ಹೊರಗೆ ತೆಗೆಯದಿರುವುದೇ ಲೇಸು. ಜಾಗಟೆಯ ದೀರ್ಘ ಅನುರಣನವನ್ನು ಅದು ಗದ್ದಲವೆಂದೇ ತಿಳಿದು ತಿಂದುಹಾಕುತ್ತದೆ.

ಅರ್ಥಕ್ಕೂ ಏರುಪದಕ್ಕೂ ನಡುವೆ 15-20 ಡೆಸಿಬಲ್ ಅಂತರ ಇರುವುದು ಸಾಮಾನ್ಯ. ಇಷ್ಟು ಅಂತರವನ್ನು, ಜೋರಾದದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಒಂದರ ತಲೆಗೆ ಕಟ್ಟಿದರೆ ಉಸಿರುಕಟ್ಟಿದ ಧ್ವನಿ ಬರುತ್ತದೆ. ಮೊದಲು ಕ್ಲಿಪ್ ಗೇನಿನಲ್ಲಿ ಅರ್ಥದ ಭಾಗಗಳನ್ನು ಆರೇಳು ಡೆಸಿಬಲ್ ಎತ್ತಿಕೊಳ್ಳಿ. ಆಮೇಲೆ ಮಾತಿನ ಟ್ರ್ಯಾಕಿಗೆ 3:1 ಕಂಪ್ರೆಷನ್, ಅಟ್ಯಾಕ್ 5ರಿಂದ 10 ಮಿಲಿಸೆಕೆಂಡ್, ರಿಲೀಸ್ 100ರ ಹತ್ತಿರ. ಮಾಸ್ಟರಿನಲ್ಲಿ ಮೈನಸ್ 1 ಡೆಸಿಬಲ್ ಟ್ರೂ ಪೀಕ್‌ಗೆ ಲಿಮಿಟರ್. ಯೂಟ್ಯೂಬ್ ಮೈನಸ್ 14 ಲಫ್ಸ್‌ಗಿಂತ (ಒಟ್ಟಾರೆ ಜೋರಿನ ಅಳತೆ) ಜೋರಾದದ್ದನ್ನು ತಗ್ಗಿಸುತ್ತದೆ, ಮೆದುವಾದದ್ದನ್ನು ಏರಿಸುವುದಿಲ್ಲ. ಹಾಗೆಂದು ಮೈನಸ್ 14ಕ್ಕೆ ತಳ್ಳಲು ಹೋದರೆ ಚೆಂಡೆಯ ಪೆಟ್ಟು ಚಪ್ಪಟೆಯಾಗುತ್ತದೆ. ಮೈನಸ್ 16ರಿಂದ 18ರ ನಡುವೆ ನಿಲ್ಲಿಸುವುದು ನನಗೆ ಸರಿ ಕಾಣುತ್ತದೆ. ಫೋನಿನಲ್ಲೂ ಕೇಳುತ್ತದೆ, ಪೆಟ್ಟೂ ಉಳಿಯುತ್ತದೆ. ಟಿವಿ ಚಾನೆಲ್ಲಿಗೆ ಕೊಡುವುದಾದರೆ ಅವರ ಮಟ್ಟವನ್ನು ಕೇಳಿಕೊಂಡು ಬೇರೆಯೇ ಮಿಕ್ಸು ಮಾಡಿ. ಯುರೋಪಿನ ಪ್ರಸಾರದ ಮಾನದಂಡ ಮೈನಸ್ 23.

ಮಲ್ಟಿಕ್ಯಾಮ್‌ನಲ್ಲಿ 'ಆಡಿಯೊ ಫಾಲೋಸ್ ವಿಡಿಯೊ' ಆಫ್ ಇರಲೇಬೇಕು. ಕ್ಯಾಮೆರಾ ಬದಲಾದ ಹಾಗೆಲ್ಲ ಧ್ವನಿಯೂ ಬದಲಾಗುವ ವಿಡಿಯೊಗಳು ಈಗಲೂ ಬರುತ್ತಿವೆ, ಯಾಕೋ.

ಎಲ್ಲಿ ಕಟ್, ಎಲ್ಲಿ ಬೇಡ

ಮೊದಲ ಸುತ್ತಿನಲ್ಲಿ ಪ್ಲೇ ಮಾಡುತ್ತಾ 1, 2, 3 ಕೀ ಒತ್ತಿಕೊಂಡು ಹೋಗಿ. ನಿಲ್ಲಿಸಬೇಡಿ. ಕೈ ಯಾವಾಗಲೂ ಅರ್ಧ ಸೆಕೆಂಡು ತಡ. ಎರಡನೆಯ ಸುತ್ತಿನಲ್ಲಿ ರೋಲಿಂಗ್ ಎಡಿಟ್ ಟೂಲಿನಿಂದ, ಪ್ರೀಮಿಯರ್‌ನಲ್ಲಿ ಎನ್ ಕೀ, ಪ್ರತಿ ಕಟ್ಟನ್ನೂ ಹಿಂದಕ್ಕೆ ಎಳೆಯಿರಿ. ತಾಳದ ಪೆಟ್ಟಿನ ಮೇಲೇ ಕಟ್ ಇಟ್ಟರೆ ತಡವಾದಂತೆ ಕಾಣುತ್ತದೆ, ಹೊಸ ಚಿತ್ರವನ್ನು ಗುರುತಿಸಲು ಕಣ್ಣಿಗೆ ಒಂದಿಷ್ಟು ಹೊತ್ತು ಬೇಕು. ಪೆಟ್ಟಿಗಿಂತ ಎರಡು ಮೂರು ಫ್ರೇಮು ಮುಂಚೆ ಕಟ್ ಆಗಲಿ.

ಒಂದು ಪದ್ಯವನ್ನೇ ತೆಗೆದುಕೊಳ್ಳಿ. ಭಾಗವತರು ಎತ್ತುಗಡೆ ಮಾಡುವಾಗ (ಪದ್ಯ ಹಾಡಲು ತೊಡಗುವಾಗ) ಅವರ ಹತ್ತಿರದ ಚಿತ್ರ, ಮೊದಲ ಸಾಲಿನಷ್ಟು. ವೇಷಧಾರಿ ಮೊದಲ ಹೆಜ್ಜೆ ಎತ್ತುವುದಕ್ಕೆ ಮುಂಚೆಯೇ ವೈಡ್‌ಗೆ ಬಂದಿರಬೇಕು. ಹೆಜ್ಜೆ ಎತ್ತಿದ ಮೇಲೆ ಬಂದರೆ ಕುಣಿತದ ಆರಂಭ ಹೋಯಿತು. ಅಲ್ಲಿಂದ ಬಿಡ್ತಿಗೆ ಮುಗಿಯುವವರೆಗೆ ವೈಡ್ ಬಿಡಬೇಡಿ, ಎರಡು ನಿಮಿಷವಾದರೂ ಪರವಾಗಿಲ್ಲ. ಸಾಲಿನ ನಡುವೆ ವೇಷ ನಿಂತು ಅಭಿನಯಕ್ಕೆ ಇಳಿದಾಗ ಮಾತ್ರ ಸೊಂಟದ ಮೇಲಿನ ಮಿಡ್. ದಿಗಿಣ ಸುತ್ತುವಾಗ ಹತ್ತಿರದ ಚಿತ್ರಕ್ಕೆ ಹೋಗುವುದು ಅಪರಾಧವೇ ಸರಿ. ಎಷ್ಟು ಸುತ್ತು, ಎಷ್ಟು ಎತ್ತರ, ಎಲ್ಲಿ ಇಳಿದರು ಎನ್ನುವುದನ್ನು ನೋಡಲೆಂದೇ ಜನ ಕಾದಿರುತ್ತಾರೆ. ಮಂಡಿ ಕುಣಿತದಲ್ಲಿ ಹಿಂದಿನ ಕ್ಯಾಮೆರಾಕ್ಕೆ ಮುಂದಿನ ಸಾಲಿನವರ ತಲೆ ಅಡ್ಡ ಬಂದರೆ ಪಕ್ಕದ ಕ್ಯಾಮೆರಾಕ್ಕೆ ಹೋಗಿ, ಅಲ್ಲೂ ಪೂರ್ತಿ ದೇಹವೇ ಕಾಣಲಿ.

ಅರ್ಥಗಾರಿಕೆಗೆ ಬೇರೆ ಲೆಕ್ಕ. ಇಬ್ಬರ ಸಂವಾದದಲ್ಲಿ ಮಾತಾಡುವವರನ್ನು ಮಾತ್ರ ತೋರಿಸುತ್ತಾ ಹೋದರೆ ಟಿವಿ ಚರ್ಚೆಯಾಗುತ್ತದೆ. ಕೇಳುವವರ ಮುಖದಲ್ಲಿ ಅರ್ಧ ರಸ ಇರುತ್ತದೆ. ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ಹಿಡಿದು ಬಿಡುವುದು ಎಷ್ಟೋ ಸಲ ಮೇಲು. ಪಾತ್ರ 'ಭಾಗವತರೇ' ಎಂದು ಕರೆದಾಗ ಭಾಗವತರ ಉತ್ತರ ಬರುತ್ತದೆಂದು ತಿಳಿದಿರಬೇಕು, ಅವರು ಬಾಯಿ ತೆರೆಯುವ ಮುಂಚೆ ಅವರ ಮೇಲೆ ಇರಬೇಕು. ಮಾತಿನ ನಡುವಿನ ಮೌನವನ್ನು ಕತ್ತರಿಸಿ ಬಿಗಿ ಮಾಡಬೇಡಿ. ಅದು ಆ ಕಲಾವಿದರು ಲೆಕ್ಕ ಹಾಕಿಯೇ ಇಟ್ಟದ್ದು.

ವೈಡ್ ಕ್ಯಾಮೆರಾವನ್ನು 4ಕೆಯಲ್ಲಿ ಹಿಡಿದು 1080 ಟೈಮ್‌ಲೈನಿನಲ್ಲಿ ಕೂರಿಸಿದರೆ 200 ಶೇಕಡದವರೆಗೆ ಹಿಗ್ಗಿಸಿ ನಾಲ್ಕನೆಯ ಕ್ಯಾಮೆರಾದಂತೆ ಬಳಸಬಹುದು. ಆದರೆ ವೈಡ್‌ನಿಂದ ಅದರದ್ದೇ 120 ಶೇಕಡಕ್ಕೆ ಕಟ್ ಮಾಡಬೇಡಿ, ಚಿತ್ರ ಜಿಗಿದಂತೆ ಕಾಣುತ್ತದೆ. ಅಳತೆ ಗಣನೀಯವಾಗಿ ಬದಲಾಗಬೇಕು. ಡಿಸಾಲ್ವ್ ಕುಣಿತದ ನಡುವೆ ಯಾವತ್ತೂ ಬೇಡ.

ಸನ್ಮಾನ, ಪ್ರಾಯೋಜಕರ ಹೆಸರು ಓದುವುದು, ಮೈಕ್ ಪರೀಕ್ಷೆ ತೆಗೆಯಬಹುದು. ತೆಗೆದ ಕಡೆ ಅರ್ಧ ಸೆಕೆಂಡಿನ ಕಪ್ಪು ಇಟ್ಟು ಹೊತ್ತು ಕಳೆದಿದೆ ಎಂದು ತೋರಿಸಿ. ಪದ್ಯದೊಳಗೆ ಕತ್ತರಿ ಹಾಕಿದರೆ ಗೊತ್ತಿದ್ದವರು ಬಿಡುವುದಿಲ್ಲ, ಆವರ್ತ ಎಣಿಸಿ ಕಾಮೆಂಟ್ ಹಾಕುತ್ತಾರೆ.

ಬಣ್ಣ

ಚರ್ಮದ ಬಣ್ಣವನ್ನು ಬಣ್ಣ ಅಳೆಯುವ ವೆಕ್ಟರ್‌ಸ್ಕೋಪಿನ ಗೆರೆಗೆ ತರುವ ಪಾಠ ಇಲ್ಲಿ ಕೈಕೊಡುತ್ತದೆ, ಮುಖಕ್ಕೆಲ್ಲ ಬಣ್ಣ ಬಳಿದಿರುತ್ತದಲ್ಲ. ಮೂರು ಕ್ಯಾಮೆರಾ ಹೊಂದಿಸಲು ಭಾಗವತರ ಬಿಳಿ ಪಂಚೆ ಹಿಡಿದುಕೊಳ್ಳಿ, ಆಮೇಲೆ ಅವರದೇ ಕೈಯ ಚರ್ಮ. ವೇಷದ ಕೆಂಪು ಎಲ್‌ಇಡಿ ಬೆಳಕಿನಲ್ಲಿ ಉಬ್ಬಿ ಅಂಚು ಕದಡಿ ಹೋಗುತ್ತದೆ. 4:2:0ರಲ್ಲಿ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್ಲಿಗೆ ಒಂದರಂತೆ ಮಾತ್ರ ಇರುವುದು ಇದಕ್ಕೊಂದು ಕಾರಣ. ಹ್ಯೂ ವರ್ಸಸ್ ಸ್ಯಾಚುರೇಶನ್‌ನಲ್ಲಿ ಕೆಂಪನ್ನಷ್ಟೇ ಒಂದು ಹದಿನೈದು ಶೇಕಡ ಇಳಿಸಿದರೆ ಸ್ವಲ್ಪ ವಿವರ ಕಾಣುತ್ತದೆ. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದೇ ಇರುವ ಮಂಕು ರೂಪ) ಹಿಡಿದಿದ್ದರೆ ಎಕ್ಸ್‌ಪೋಷರ್ ತಿದ್ದುವುದು ಕಲರ್ ಸ್ಪೇಸ್ ಬದಲಾವಣೆಗೆ ಮುಂಚಿನ ನೋಡ್‌ನಲ್ಲಿ (ಬಣ್ಣ ತಿದ್ದುವ ಹಂತ). ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲು) ಹಾಕಿದ ಮೇಲೆ ತಿದ್ದಲು ಹೋದರೆ ಹಾರಿಹೋದ ಬಿಳಿ ಮರಳುವುದಿಲ್ಲ. ಐಫೋನ್ 12ರಿಂದ ಈಚೆಯವು ಎಚ್‌ಡಿಆರ್‌ನಲ್ಲಿ ಹಿಡಿಯುತ್ತವೆ. ಎಚ್‌ಡಿಆರ್ ಅಲ್ಲದ ಮಾಮೂಲಿ ರೆಕ್. 709 ಟೈಮ್‌ಲೈನಿನಲ್ಲಿ ಆ ಕ್ಲಿಪ್ಪು ಬೆಳ್ಳಗೆ ಸುಟ್ಟಂತೆ ಕಂಡರೆ ಗಾಬರಿ ಬೇಡ, ಕ್ಲಿಪ್ಪಿನ ಕಲರ್ ಸ್ಪೇಸ್ ಸರಿಯಾಗಿ ಹೇಳಿ ಟೋನ್ ಮ್ಯಾಪ್ ಮಾಡಿದರೆ ಸರಿಹೋಗುತ್ತದೆ.

ಕನ್ನಡದ ಹೆಸರುಗಳು

ಒತ್ತಕ್ಷರ ಪಕ್ಕಕ್ಕೆ ಬಿದ್ದ ಟೈಟಲ್ ನೋಡಿದರೆ ಉಳಿದ ಕೆಲಸದ ಮೇಲಿನ ಗೌರವವೂ ಹೋಗುತ್ತದೆ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಗ್ರಾಫಿಕ್ಸ್ ಒಳಗೆ ಟೆಕ್ಸ್ಟ್ ಎಂಜಿನ್ 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಎಂದು ಬದಲಿಸಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದು ಟೈಪ್ ವಿಭಾಗದಲ್ಲಿದೆ. ಹಳೆಯ ಟೈಟಲ್ ತಾನಾಗಿ ಸರಿಯಾಗದಿದ್ದರೆ ಹೊಸದಾಗಿ ಟೈಪ್ ಮಾಡಿ. ಯಾವ ಸಾಫ್ಟ್‌ವೇರಾದರೂ ಮೊದಲು 'ಕ್ಷೇತ್ರ, ಸೂರ್ಯ, ಸ್ತ್ರೀ, ಜ್ಯೋತ್ಸ್ನಾ' ಎಂದು ಬರೆದು ನೋಡಿ. ನಾಲ್ಕೂ ಸರಿ ಬಂದರೆ ಮುಂದುವರಿಯಿರಿ, ಇಲ್ಲವಾದರೆ ಇಂಕ್‌ಸ್ಕೇಪಿನಲ್ಲಿ ಮಾಡಿ ಪಾರದರ್ಶಕ ಪಿಎನ್‌ಜಿಯಾಗಿ ತನ್ನಿ. ಕಲಾವಿದರ ಪಟ್ಟಿ ಡಿಟಿಪಿ ಅಂಗಡಿಯಿಂದ ಬಂದಿದ್ದರೆ ಅದು ನುಡಿ ಸಾಫ್ಟ್‌ವೇರಿನ, ಯೂನಿಕೋಡ್ ಅಲ್ಲದ ಹಳೆಯ ಆನ್ಸಿ ಅಕ್ಷರದಲ್ಲಿರುವ ಸಂಭವ ಹೆಚ್ಚು. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪ್ರತಿ ಹೆಸರನ್ನೂ ಕಣ್ಣಾರೆ ಓದಿ. ಸಾಲುಗಳ ನಡುವೆ ಅಕ್ಷರದ ಅಳತೆಯ 140 ಶೇಕಡದಷ್ಟು ಅಂತರ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಉಚಿತವಾಗಿ ಸಿಗುತ್ತವೆ. ಹೆಸರಿನ ಪಟ್ಟಿಯನ್ನು ಮೇಳದವರಿಂದಲೇ ಒಮ್ಮೆ ನೋಡಿಸಿ, ಅಪ್‌ಲೋಡ್ ಮಾಡಲು ಒಪ್ಪಿಗೆಯನ್ನೂ ಆಗಲೇ ಪಡೆಯಿರಿ.

ಕಳುಹಿಸುವುದು

ಯೂಟ್ಯೂಬಿಗೆ 1080ರ ಕೆಲಸವನ್ನೂ 4ಕೆಗೆ ಹಿಗ್ಗಿಸಿ ಹಾಕುವುದು ಲಾಭ. ದೊಡ್ಡ ಅಳತೆಗೆ ಅದು ಉತ್ತಮ ಕೋಡೆಕ್ ಬಳಸುವುದರಿಂದ ಕುಣಿತದಲ್ಲಿ ಚೌಕಚೌಕ ಒಡೆಯುವುದು ಕಡಿಮೆ. ಖರ್ಚು ನೆನಪಿರಲಿ: 45 ಎಂಬಿಪಿಎಸ್‌ನಲ್ಲಿ ಮೂರು ಗಂಟೆ ಎಂದರೆ 60 ಜಿಬಿ, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಆರೂಮುಕ್ಕಾಲು ಗಂಟೆ. ವಿವರಣೆಯಲ್ಲಿ ಚಾಪ್ಟರ್ ಕೊಡಿ: ಮೊದಲನೆಯದು 0:00 ಇರಬೇಕು, ಕನಿಷ್ಠ ಮೂರು ಬೇಕು, ಪ್ರತಿಯೊಂದೂ 10 ಸೆಕೆಂಡಿಗೆ ಕಡಿಮೆಯಿಲ್ಲದಂತೆ. ಒಡ್ಡೋಲಗ (ಪಾತ್ರಗಳ ಪ್ರವೇಶದ ಕುಣಿತ) ಎಲ್ಲಿ, ಯುದ್ಧದ ಪದ್ಯ ಎಲ್ಲಿ ಎಂದು ಹುಡುಕಿ ಬರುವವರೇ ಹೆಚ್ಚು.

ಸಂಘಟಕರಿಗೆ ಪೆನ್‌ಡ್ರೈವ್ ಬೇಕೇ ಬೇಕು. ಫ್ಯಾಟ್32 ಪೆನ್‌ಡ್ರೈವಿನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. 8 ಎಂಬಿಪಿಎಸ್ ಎಂದರೆ ಸುಮಾರು 70 ನಿಮಿಷ. ಹಾಗಾಗಿ ಪ್ರಸಂಗವನ್ನು ಪದ್ಯ ಕಡಿಯದ ಜಾಗ ನೋಡಿ ಮೂರು ಭಾಗ ಮಾಡಿ, ಎಚ್.264, 8 ಬಿಟ್, ಎಎಸಿ ಧ್ವನಿಯಲ್ಲಿ ಕೊಡಿ. ಹಳೆಯ ಟಿವಿಗಳಲ್ಲೂ ಸಾಮಾನ್ಯವಾಗಿ ಓಡುತ್ತದೆ. ಕೊಡುವ ಮುನ್ನ ಪೆನ್‌ಡ್ರೈವನ್ನು ನಿಜವಾಗಿಯೂ ಒಂದು ಟಿವಿಗೆ ಚುಚ್ಚಿ, ಪ್ರತಿ ಭಾಗದ ಕೊನೆಯ ಐದು ನಿಮಿಷ ನೋಡಿ. ಸಿಂಕ್ ಜಾರಿದ್ದರೆ ಗೊತ್ತಾಗುವುದು ಅಲ್ಲೇ.